ಕೆಟ್ಟ ಪ್ರಯೋಗಕ್ಕೊಂದು ಪೇಡೆ

ನಮ್ಮ ಮೇಡಂಗೆ ಡಾಕ್ಟರೇಟ್ ಇಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಅವರ ಕೈಯಲ್ಲಿ ಒಮ್ಮೆಯಾದರೂ ಫೇಲಾಗದ ಡಾಕ್ಟರು ಒಬ್ಬರೂ ಇಲ್ಲ! ಕುಲಪತಿಗಳು ಕರೆದರೂ ‘ಮೀಟಿಂಗಿನಲ್ಲಿದ್ದೇನೆ’ ಎಂದು ಹೇಳಿ ಕಳಿಸುವಷ್ಟು ಎದೆಗಾರಿಕೆಯ ಪ್ರೊಫೆಸರುಗಳು, ಕಾರಿಡಾರಿನ ಆ ತುದಿಯಲ್ಲಿ ಮೇಡಂ ಚಪ್ಪಲಿಯ ಸದ್ದು ಕೇಳಿಸಿತೋ, ಲಿಫ್ಟಿನೊಳಗೆ ಸೇರಿಕೊಳ್ಳುತ್ತಾರೆ. ‘ಲಿಫ್ಟ್ ಕೆಟ್ಟಿದೆ’ ಎಂಬ ಫಲಕ ನೇತಾಡುತ್ತಿದ್ದರೂ ಸರಿಯೇ! ಮೇಡಂ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಈ ಪ್ರಬಂಧವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸುತ್ತಾರೆ.

ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದ ಕಡೆಗೆ ಬಂದರೆ ನಮ್ಮ ವಿಶ್ವವಿದ್ಯಾಲಯ. ಹಿಂದಿನ ಕಾಂಪೌಂಡಿಗೆ ಹೊಂದಿಕೊಂಡೇ ಔಷಧ ಕಾರ್ಖಾನೆಗಳು. ಅಲ್ಲಿ ಕೆಮ್ಮಿನ ಸಿರಪ್ಪು ಕುದಿಯುವ ದಿನ ನಮ್ಮ ಕ್ಯಾಂಟೀನಿನ ಸಾಂಬಾರಿಗೂ ಅದೇ ಘಮ. ಆ ಕ್ಯಾಂಟೀನಿಗೂ ಜನರೇಟರಿಗೂ ನಡುವೆ ಇರುವ ಕೋಣೆಯೇ ನಮ್ಮ ‘ಸಂಶೋಧನಾ ನೆರವು ವಿಭಾಗ’. ವಿಭಾಗ ಎಂದರೆ ಏನು? ಮೇಡಂ ಮುಖ್ಯಸ್ಥೆ, ನಾನು ಸಹಾಯಕ. ಅಷ್ಟೇ!

ನಮ್ಮ ಕೆಲಸವನ್ನೂ ಹೇಳಿಬಿಡುತ್ತೇನೆ. ಸಂಶೋಧನೆ ಕಲಿಯುವ ಹುಡುಗ ಹುಡುಗಿಯರಿಗಾಗಿ ದೆಹಲಿಯಿಂದ ತರಬೇತಿ ಅನುದಾನ ಬರುತ್ತದೆ. ಅದರಿಂದ ಅವರಿಗೆ ತಿಂಗಳು ತಿಂಗಳು ಶಿಷ್ಯವೇತನ. ಕೊಡುವವರ ಷರತ್ತು ಒಂದೇ: ಗೈಡುಗಳು ಆ ಮಕ್ಕಳಿಗೆ ನಿಜವಾಗಿ ಮಾರ್ಗದರ್ಶನ ಮಾಡಬೇಕು. ಇದನ್ನು ಎಲ್ಲ ಕಡೆಯೂ ಮಾಡುತ್ತಾರೆ, ಕಾಗದದ ಮೇಲೆ! ನಮ್ಮ ಮೇಡಂ ತಕರಾರು ಶುರುವಾಗುವುದೇ ಅಲ್ಲಿ. ಧಾರವಾಡದ ಕಡೆಯ ಹೆಣ್ಣುಮಗಳು, ಬೇಗೂರಿನ ಅಪಾರ್ಟ್‌ಮೆಂಟಿಗೆ ಬಂದು ನೆಲೆಸಿ ವರ್ಷಗಳಾದರೂ ನಾಲಿಗೆ ಇನ್ನೂ ಧಾರವಾಡದಲ್ಲೇ ಇದೆ. ಎಲ್ಲ ಕಡೆ ವಿದ್ಯಾರ್ಥಿಗಳಿಗೆ ವೈವಾ ಇದ್ದರೆ ಇವರು ಗೈಡುಗಳಿಗೇ ವೈವಾ ಇಟ್ಟರು.

ಒಂದು ದಿನ ನಮ್ಮ ಸೂಕ್ಷ್ಮಜೀವಿ ವಿಭಾಗದ ಹಿರಿಯ ಪ್ರೊಫೆಸರು ಅನುದಾನದ ಅರ್ಜಿ ಹಿಡಿದು ಬಂದರು. ಅದರಲ್ಲಿ ‘ಪ್ರತಿ ವಿದ್ಯಾರ್ಥಿಗೂ ವೈಯಕ್ತಿಕ ಗಮನ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

“ಕೂಡ್ರಿ ಸರ್. ನಿಮ್ಮ ಲ್ಯಾಬಿನ ಶಿಲ್ಪಾ ಎಲ್ಲಿಂದ ಬರ್ತಾಳ್ರೀ?”

“ಲೋಕಲ್ಲೇ ಮೇಡಂ. ಬೆಂಗಳೂರು.”

“ಬೆಂಗಳೂರಾಗ ಎಲ್ಲಿ?”

“ಇಲ್ಲೇ ಎಲ್ಲೋ ಹತ್ತಿರ ಇರಬೇಕು…”

“ಲಗ್ಗೆರಿಯಿಂದ ಬರ್ತಾಳ್ರೀ! ಊರಿನ ಆ ತುದಿಯಿಂದ ಈ ತುದಿಗೆ, ಬಸ್ಸು ಬದಲಿಸಿ ಬದಲಿಸಿ. ಪುಣೆಯಿಂದ ವಿಮಾನದಾಗ ಬರೋರು ಆಕಿಗಿಂತ ಮೊದ್ಲ ಮುಟ್ತಾರ. ನೀವು ಮುಂಜಾನೆ ಒಂಬತ್ತಕ್ಕ ಮೀಟಿಂಗ್ ಇಟ್ಟು, ಆಕಿ ತಡಾ ಮಾಡಿದ್ಲಂತ ಮಾರಿ ಗಂಟ್ ಹಾಕ್ಕೊಂಡು ಕೂಡ್ತೀರಿ. ಇದಕ್ಕ ವೈಯಕ್ತಿಕ ಗಮನ ಅಂತಾರೇನ್ರೀ?”

“ಮೇಡಂ, ಈ ಪ್ರಶ್ನೆ ಕೇಳ್ತೀರಿ ಅಂತ ಮೊದಲೇ ಹೇಳಿದ್ರೆ ಪ್ರಿಪೇರ್ ಆಗಿ ಬರ್ತಿದ್ದೆ!”

ಪ್ರೊಫೆಸರು ಫೇಲು. ಆದರೆ ಅವರು ಕೆಟ್ಟ ಮನುಷ್ಯರಲ್ಲ, ಹಟವಾದಿ. ಮೀಟಿಂಗನ್ನು ಹನ್ನೊಂದು ಗಂಟೆಗೆ ಬದಲಿಸಿ, ಮುಂದಿನ ವಾರ ಸಪ್ಲಿಮೆಂಟರಿಗೆ ಬಂದೇಬಿಟ್ಟರು. ಶಿಲ್ಪಾಳ ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಲೋಹಕ್ಕೆ ಬಣ್ಣ ಹಚ್ಚುವ ಕೆಲಸ ಮಾಡುವುದು, ತಮ್ಮನಿಗೆ ಗಣಿತ ತಲೆಗೆ ಹತ್ತದಿರುವುದು, ಅವರ ಮನೆಯ ಬೆಕ್ಕು ಈಚೆಗೆ ಮರಿ ಹಾಕಿದ್ದು, ಎಲ್ಲವನ್ನೂ ಗಡಗಡ ಒಪ್ಪಿಸಿದರು. ಮೇಡಂ ತೃಪ್ತಿಯಿಂದ ಅರ್ಜಿಗೆ ಠಸ್ಸೆ ಒತ್ತಿದರು.

ಇದಾದರೂ ಹೇಗೋ ಸಹಿಸಬಹುದು. ಪೇಡೆಯ ವಿಷಯಕ್ಕೆ ಏನು ಹೇಳೋಣ?

ಮೇಡಂ ಮೇಜಿನ ಮೇಲೆ ಸದಾ ಒಂದು ಸ್ಟೀಲಿನ ಡಬ್ಬಿ. ಅದರ ತುಂಬ ಧಾರವಾಡ ಪೇಡೆ. ಪರೀಕ್ಷೆ ಪಾಸಾದವರಿಗೆ, ಲೇಖನ ಅಚ್ಚಾದವರಿಗೆ, ಮದುವೆ ನಿಶ್ಚಯವಾದವರಿಗೆ ಅದರಿಂದ ಒಂದು ಚೂರೂ ಸಿಗುವುದಿಲ್ಲ. ಅದು ಪ್ರಯೋಗ ಕೆಟ್ಟವರಿಗೆ ಮಾತ್ರ ಮೀಸಲು! ಕೇಳಿದರೆ, “ಗೆದ್ದೋರಿಗೆ ಊರೆಲ್ಲಾ ಪೇಡೆ ಕೊಡ್ತದ. ಸೋತೋರಿಗೆ ಯಾರು ಕೊಡಬೇಕ್ರೀ?” ಎನ್ನುತ್ತಾರೆ.

ಶಿಲ್ಪಾ ಮೊದಲ ಸಲ ನಮ್ಮ ಕೋಣೆಗೆ ಬಂದದ್ದು ಅಳುತ್ತಲೇ. ಕಾರ್ಖಾನೆಯ ಕೊಳಕು ನೀರಿನಲ್ಲಿ ಬಿಟ್ಟು ಅವಳು ಸಾಕುತ್ತಿದ್ದ ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ.

“ಎಲ್ಲಾ ಸತ್ತು ಹೋದ್ವೇನು? ಭೇಷ್! ತಗೋ ಪೇಡೆ,” ಎಂದರು ಮೇಡಂ.

ಸಾವಿನ ಮನೆಯಲ್ಲಿ ಸಿಹಿ ಹಂಚುವವರನ್ನು ನಾನು ಅಂದೇ ನೋಡಿದ್ದು! ಹುಡುಗಿ ಕಕ್ಕಾಬಿಕ್ಕಿಯಾಗಿ ಪೇಡೆ ಬಾಯಿಗೆ ಹಾಕಿಕೊಂಡಳು. “ಈಗ ತಿಂತಾ ತಿಂತಾ ಹೇಳು, ಯಾಕ ಕೆಟ್ಟಿತು?” ಎಂದರು ಮೇಡಂ. ಅವಳು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳ ಅಳು ನಿಂತಿತು, ತಪ್ಪು ಎಲ್ಲಿ ಆಗಿರಬಹುದೆಂಬ ಅನುಮಾನವೂ ಅವಳಿಗೇ ಹೊಳೆಯಿತು. ಪೇಡೆ ಬಾಯಲ್ಲಿದ್ದಾಗ ಮನುಷ್ಯನಿಗೆ ಅಳಲು ಬರುವುದಿಲ್ಲ. ಇದು ನಮ್ಮ ಮೇಡಂ ಕಂಡುಹಿಡಿದ ಸಿದ್ಧಾಂತ.

ಸುದ್ದಿ ಹಬ್ಬಿತು. ಕೆಟ್ಟ ಪ್ರಯೋಗಗಳನ್ನು ಕಪಾಟಿನಲ್ಲಿ ಬಚ್ಚಿಡುತ್ತಿದ್ದ ಹುಡುಗರು ಅವನ್ನು ಹಿಡಿದು ಓಡಿ ಬರತೊಡಗಿದರು. ಒಬ್ಬ ಭೂಪನಂತೂ ಸರಿಯಾಗಿ ಬಂದ ಫಲಿತಾಂಶವನ್ನೇ ಕೆಟ್ಟಿತೆಂದು ಹೇಳಿ ಪೇಡೆ ಹೊಡೆದ! ಗೊತ್ತಾದ ಮೇಲೆ ಮೇಡಂ ಅವನಿಗೆ ಸಂಶೋಧನೆಯಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಇಡೀ ಮಧ್ಯಾಹ್ನ ಭಾಷಣ ಬಿಗಿದರು. ಕುಲಸಚಿವರಿಗೆ ಹೋಗಬೇಕಾದ ಕಡತವನ್ನು ನಾನು ಕ್ರೀಡಾ ವಿಭಾಗಕ್ಕೆ ಕಳಿಸಿ, ಆಸೆಯಿಂದ ಕೈ ಚಾಚಿದ್ದೂ ಉಂಟು. “ಇದು ಸೋಲಲ್ಲ, ಉಡಾಫೆ,” ಎಂದು ಮೇಡಂ ಡಬ್ಬಿ ಮುಚ್ಚಿದರು.

ವಿಚಿತ್ರವೆಂದರೆ, ಆ ಡಬ್ಬಿಯಿಂದ ಮೇಡಂ ಒಂದು ದಿನವೂ ತಿಂದದ್ದಿಲ್ಲ. “ಶುಗರ್ ಇದೆಯಾ ಮೇಡಂ?” ಎಂದು ಕೇಳಿದ್ದೆ. “ಶುಗರ್ ಇಲ್ಲ ಏನಿಲ್ಲ. ಹಂಚೋಕಿ ತಾನ ತಿನ್ನಬಾರದ್ರೀ,” ಎಂದು ಮಾತು ತೇಲಿಸಿದ್ದರು.

ಅಷ್ಟರಲ್ಲಿ ಅನುದಾನದ ಅವಧಿ ಮುಗಿಯುತ್ತಾ ಬಂತು. ನವೀಕರಿಸಬೇಕೋ ಬೇಡವೋ ಎಂದು ನೋಡಲು ದೆಹಲಿಯಿಂದ ಸಮಿತಿ ಬರುವುದೆಂದು ಗೊತ್ತಾಯಿತು. ಸಮಿತಿ ಒಲ್ಲೆ ಎಂದರೆ ಮಕ್ಕಳ ಶಿಷ್ಯವೇತನ ಬಂದ್. “ಅದು ನಿಂತೋದ್ರೆ ನಾನೂ ನಿಂತ್ಕೋಬೇಕು ಸಾರ್,” ಎಂದಿದ್ದಳು ಶಿಲ್ಪಾ. “ಅಪ್ಪ ಆಗ್ಲೇ ಗಾರ್ಮೆಂಟ್ಸ್‌ನಾಗೆ ಕೆಲ್ಸ ಕೇಳಿ ಇಟ್ಟವ್ರೆ.” ಅವಳದು ಒಳ್ಳೆಯ ಕೆಲಸ. ಸಮಿತಿಯ ಮುಂದೆ ತೋರಿಸಲು ಅದಕ್ಕಿಂತ ಉತ್ತಮವಾದದ್ದು ನಮ್ಮಲ್ಲಿರಲಿಲ್ಲ. ಆದರೆ ದೊಡ್ಡವರು ಎದುರಿಗೆ ಕುಳಿತು ಪ್ರಶ್ನೆ ಕೇಳಿದರೆ ಸಾಕು, ಹುಡುಗಿಯ ಬಾಯಿಗೆ ಬೀಗ ಬೀಳುತ್ತಿತ್ತು.

ಇದಕ್ಕೆ ಮೇಡಂ ಕಂಡುಕೊಂಡ ಮದ್ದು, ತಾಲೀಮು. ತಾಲೀಮಿಗೆ ಸಮಿತಿ ಬೇಕಲ್ಲ? ಬೇಗೂರಿನ ಅವರ ಅಪಾರ್ಟ್‌ಮೆಂಟೇ ಇತ್ತಲ್ಲ! ದಿನಕ್ಕೊಬ್ಬರಂತೆ ನೆರೆಹೊರೆಯವರು ‘ದೆಹಲಿ ಸಮಿತಿ’ಯಾಗಿ ಲ್ಯಾಬಿಗೆ ಬರತೊಡಗಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರು, “ಈ ಬ್ಯಾಕ್ಟೀರಿಯಾಗಳಿಗೆ ಜಾಮೀನು ಯಾರು?” ಎಂದು ಕೇಳಿದರು. ಯೋಗದ ಮೇಷ್ಟ್ರು ಪ್ರಶ್ನೆ ಬಿಟ್ಟು ಉಸಿರು ಬಿಗಿಹಿಡಿಸಿದರು. ಬಿ ಬ್ಲಾಕಿನ ಆಂಟಿಯೊಬ್ಬರು ಸಂಶೋಧನೆಯನ್ನು ಎರಡೇ ಮಾತಿನಲ್ಲಿ ಮುಗಿಸಿ ಮದುವೆಯ ವಿಚಾರಕ್ಕೆ ಬಂದರು. ಯಾವಾಗ ಯಾರು ಬರುತ್ತಾರೆಂದು ಮೊದಲೇ ತಿಳಿಸುವ ಪದ್ಧತಿ ಇರಲಿಲ್ಲ. “ಹುಲಿ ಹೇಳಿ ಬರ್ತದೇನ್ರೀ?” ಎನ್ನುತ್ತಿದ್ದರು ಮೇಡಂ. ಹಾಗೆ ಬರುತ್ತಿದ್ದ ಹುಲಿಗಳ ಕೈಯಲ್ಲೆಲ್ಲ, ವಾಪಸ್ಸಾಗುವಾಗ ಸೊಪ್ಪು ತರಕಾರಿ ಒಯ್ಯಲು ಒಂದೊಂದು ಬಟ್ಟೆಯ ಚೀಲ!

ಸಮಿತಿ ಬರುವ ದಿನ ಬಂತು. ಹನ್ನೊಂದು ಗಂಟೆಗೆ ಎಂದು ಸೂಚನೆ. ಮೇಡಂ, ಪ್ರೊಫೆಸರು, ನಾನು ಹೂಗುಚ್ಛ ಹಿಡಿದು ಬಹಳ ಮುಂಚೆಯೇ ಮುಖ್ಯ ಗೇಟಿನಲ್ಲಿ ನಿಂತೆವು. ಕಂಪನಿ ಬಸ್ಸುಗಳು, ಟ್ಯಾಂಕರುಗಳು, ಹೆಲ್ಮೆಟ್ಟುಗಳ ಪ್ರವಾಹ. ದೆಹಲಿಯ ಕಾರು ಮಾತ್ರ ಇಲ್ಲ. ಅಷ್ಟರಲ್ಲಿ ಹೊದಿಸುವ ಶಾಲು ಲ್ಯಾಬಿನಲ್ಲೇ ಉಳಿದದ್ದು ನೆನಪಾಗಿ ನಾನು ಓಡಿದೆ.

ಆದದ್ದೇನೆಂದರೆ, ಸಮಿತಿಯ ಅಧ್ಯಕ್ಷೆ ಮೈಸೂರಿನ ಕಡೆಯವರು. ಹಿಂದಿನ ದಿನವೇ ಬಂದು ತಂಗಿಯ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಕಾರಿಗೆ ಕಾಯದೆ ಆಟೋ ಹಿಡಿದು, ಕ್ಯಾಂಟೀನಿನ ಪಕ್ಕದ ಹಿಂಬಾಗಿಲಿನಿಂದ ನೇರ ಲ್ಯಾಬಿಗೆ ಬಂದುಬಿಟ್ಟಿದ್ದರು. ಸಾದಾ ಹತ್ತಿ ಸೀರೆ. ಕೈಯಲ್ಲಿ, ಕಡತಗಳಿದ್ದ ಬಟ್ಟೆಯ ಚೀಲ! ಮುಂದಿನ ಸಂಭಾಷಣೆಯನ್ನು ಅವರೇ ಆಮೇಲೆ ಊಟದ ಹೊತ್ತಿನಲ್ಲಿ ನಕ್ಕು ನಕ್ಕು ಹೇಳಿದರು.

“ಬನ್ನಿ ಆಂಟಿ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?” ಎಂದಳಂತೆ ಶಿಲ್ಪಾ.

“ಬೇಗೂರಿನಿಂದಮ್ಮ.”

“ಗೊತ್ತಾಯ್ತು ಬಿಡಿ! ಇವತ್ತೂ ಕಳ್ಸವ್ರಾ ಮೇಡಂ? ಯಾವ ಬ್ಲಾಕು ನೀವು? ಬೇಗ ಬೇಗ ಕೇಳ್ಬಿಡಿ ಆಂಟಿ, ಹನ್ನೊಂದಕ್ಕೆ ಒರಿಜಿನಲ್ ಬರ್ತಾರೆ.”

ನಾನು ಬಾಗಿಲಿಗೆ ಬಂದಾಗ ಶಿಲ್ಪಾ ಬೋರ್ಡಿನ ತುಂಬ ಚಿತ್ರ ಬರೆಯುತ್ತಾ, ಬೀಗವಿಲ್ಲದ ಬಾಯಲ್ಲಿ ಹೇಳುತ್ತಿದ್ದಳು: “ನಮ್ಮನೆ ಹತ್ರ ಮೋರಿ ನೀರು ದಿನಕ್ಕೊಂದು ಬಣ್ಣ ಆಂಟಿ. ಈ ಬ್ಯಾಕ್ಟೀರಿಯಾ ಆ ಬಣ್ಣಾನ ತಿಂದಾಕುತ್ತೆ. ಮೊದ್ಲು ತಿನ್ನಲ್ಲ ಅಂತ ಹಟ ಹಿಡಿದು ಎಲ್ಲಾ ಸತ್ತೋದ್ವು.”

“ಸತ್ತು ಹೋದಾಗ ಏನು ಮಾಡಿದೆ?”

“ಪೇಡೆ ತಿಂದೆ!”

ಅಧ್ಯಕ್ಷೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅವರ ಫೋಟೋ ನೋಡಿದ್ದ ನನಗೆ ತಕ್ಷಣ ಗುರುತು ಸಿಕ್ಕಿತು. ಕಣ್ಣು ಹೊಡೆದೆ, ಕೈ ಬೀಸಿದೆ, ಕೆಮ್ಮಿದೆ. ಶಿಲ್ಪಾ ನೋಡಿದರೆ ತಾನೇ? ಪೇಡೆಯ ಪುರಾಣವನ್ನೆಲ್ಲ ಬಿಚ್ಚಿಟ್ಟಳು. “ಬೇರೆ ಕಡೆ ಕೆಟ್ಟಿದ್ದನ್ನ ಮುಚ್ಚಿಡ್ತಾರಂತೆ ಆಂಟಿ. ನಮ್ಮಲ್ಲಿ ಓಡೋಗಿ ಹೇಳ್ತೀವಿ. ಅದಕ್ಕೇ ತಪ್ಪು ಬೇಗ ಸಿಗ್ತದೆ. ನಮ್ ಗೈಡ್ ಸಾರೂ ಈಗ ‘ಯಾಕೆ ಕೆಟ್ಟಿತು’ ಅಂತ್ಲೇ ಕೇಳ್ತಾರೆ, ಬೈಯಲ್ಲ.” ಆಮೇಲೆ ನನ್ನನ್ನು ಕಂಡು, “ಬನ್ನಿ ಸಾರ್! ಈ ಆಂಟಿ ಎಲ್ರಿಗಿಂತ ಸಕ್ಕತ್ತಾಗಿ ಆ್ಯಕ್ಟ್ ಮಾಡ್ತಾರೆ. ಡಿಟ್ಟೋ ಅಧ್ಯಕ್ಷೆ!” ಎಂದಳು.

“ಅವರೇ ಅಧ್ಯಕ್ಷೆ ಕಣಮ್ಮಾ…”

ಸೀಮೆಸುಣ್ಣ ಕೆಳಗೆ ಬಿತ್ತು. ಅದೇ ಹೊತ್ತಿಗೆ ಮೇಡಂ, ಬಾಡಿದ ಹೂಗುಚ್ಛ, ಪ್ರೊಫೆಸರು, ಈ ಕ್ರಮದಲ್ಲಿ ಒಳಗೆ ಬಂದರು.

“ಮೇಡಂ, ಇದೇನು ಪೇಡೆ ಕಥೆ?” ಎಂದು ಕೇಳಿದರು ಅಧ್ಯಕ್ಷೆ.

ನಮ್ಮ ಮೇಡಂ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಅದು… ಮಾರ್ಗದರ್ಶನಕ್ಕ ಪೂರಕ ಚಟುವಟಿಕೆ ರೀ,” ಎಂದರು. ಅಧ್ಯಕ್ಷೆ ನಗಲಿಲ್ಲ. ಮೇಡಂ ಹೂಗುಚ್ಛವನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದರು:

“ನಾನೂ ಒಂದ ಕಾಲಕ್ಕ ಧಾರವಾಡದಾಗ ಸಂಶೋಧನಾ ಮಾಡ್ತಿದ್ದೆರೀ. ಪ್ರಯೋಗ ಕೆಟ್ಟಿತು. ಗೈಡ್ ಸರ್‌ಗೆ ಹೇಳಾಕ ಹೋದೆ. ಅವ್ರು ತಲಿ ಎತ್ತಲಿಲ್ಲ. ‘ಬಾಗಲಾ ಹಾಕ್ಕೊಂಡು ಹೋಗು’ ಅಂದ್ರು. ಹಾಕ್ಕೊಂಡು ಬಂದೆ. ಮತ್ತ ಆ ಬಾಗಲಾ ತೆಗೀಲಿಲ್ಲ. ಯಾಕ ಕೆಟ್ಟಿತಂತ ಯಾರಾದ್ರೂ ಕೇಳಿದ್ರ ಸಾಕಾಗಿತ್ರೀ.”

ಇಷ್ಟು ವರ್ಷ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತ ನನಗೆ ಇದು ಗೊತ್ತಿರಲಿಲ್ಲ. ಪ್ರೊಫೆಸರು ಶಿಲ್ಪಾ ಬೀಳಿಸಿದ್ದ ಸೀಮೆಸುಣ್ಣವನ್ನು ಎತ್ತಿ, ಒರೆಸಿ, ಅವಳ ಕೈಗೆ ಕೊಟ್ಟರು. ಅಧ್ಯಕ್ಷೆ, “ನಿಲ್ಲಿಸಿದ್ದೆಲ್ಲಿ? ಮುಂದೆ ಹೇಳಮ್ಮ,” ಎಂದರು. ಶಿಲ್ಪಾ ಹೇಳಿದಳು. ಮೊದಲು ತುಸು ತೊದಲಿದಳು, ಆಮೇಲೆ ಇಲ್ಲ.

ಕೆಲವು ವಾರಗಳ ನಂತರ ಅನುದಾನ ನವೀಕರಣವಾದ ಸುದ್ದಿ ಬಂತು. ಇಡೀ ಕಟ್ಟಡದಲ್ಲಿ ಗಲಾಟೆಯೋ ಗಲಾಟೆ. ನಮ್ಮ ಕೋಣೆಗೆ ಮಕ್ಕಳೆಲ್ಲ ನುಗ್ಗಿದರು. ಶಿಲ್ಪಾ ಸೀದಾ ಬಂದು ಪೇಡೆಯ ಡಬ್ಬಿಗೆ ಕೈ ಹಾಕಿದಳು.

“ಏನ್ ಕೆಟ್ಟಿತು?” ಎಂದರು ಮೇಡಂ, ಕಾಗದದಿಂದ ತಲೆ ಎತ್ತದೆ.

“ನಂದೇನೂ ಕೆಟ್ಟಿಲ್ಲ ಮೇಡಂ.”

“ಹಂಗಾದ್ರ ಡಬ್ಬಿ ಇಡು. ಗೆದ್ದೋರಿಗೆ ಇಲ್ಲ.”

“ನಂಗಲ್ಲ. ಇದು ನಿಮ್ಗೆ.” ಅವಳು ಒಂದು ಪೇಡೆ ತೆಗೆದು ಮೇಡಂ ಮುಂದೆ ಹಿಡಿದಳು. “ಧಾರವಾಡದಲ್ಲಿ ನಿಮ್ದೂ ಕೆಟ್ಟಿತ್ತಲ್ಲ ಮೇಡಂ, ಅದಕ್ಕೆ. ತಗೊಳ್ಳಿ. ತಿಂತಾ ತಿಂತಾ ಹೇಳಿ, ಯಾಕೆ ಕೆಟ್ಟಿತು?”

ಮೇಡಂ ಪೇಡೆ ತೆಗೆದುಕೊಂಡರು, ಬಾಯಿಗೆ ಹಾಕಿಕೊಂಡರು. “ಅದ ಏನಾಗಿತ್ತಂದ್ರ…” ಎಂದು ಶುರುಮಾಡಿದರು. ಅಷ್ಟಕ್ಕೇ ಕೈ ಕಣ್ಣಿಗೆ ಹೋಯಿತು. ಪೇಡೆ ಬಾಯಲ್ಲಿದ್ದರೆ ಅಳಲು ಬರುವುದಿಲ್ಲ ಎಂಬ ಅವರ ಸಿದ್ಧಾಂತ ಅಂದು ನಮ್ಮೆಲ್ಲರ ಕಣ್ಣೆದುರಿಗೇ ಕೆಟ್ಟುಹೋಯಿತು.

ಕೆಟ್ಟಿತಲ್ಲ! ಶಿಲ್ಪಾ ಡಬ್ಬಿಗೆ ಕೈ ಹಾಕಿ ಅವರಿಗೆ ಇನ್ನೊಂದು ಪೇಡೆ ಕೊಟ್ಟಳು.