ಪಹಣಿ ಇದ್ದೋರಿಗೆ ಓಟು

ತಲಕಾಡಿಗೆ ಕರೆದುಕೊಂಡು ಹೋಗುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು, ಮೂರು ಭಾನುವಾರವೂ ನಿದ್ದೆ ಹೊಡೆದಿದ್ದ ಶಿವಸ್ವಾಮಿ ಮೇಷ್ಟರಿಗೆ ನಾಲ್ಕನೆಯದನ್ನು ತಪ್ಪಿಸುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ, ಬರುವ ಭಾನುವಾರ ಶಾಲೆಯಿಂದ ಒಬ್ಬರು ಮನೆಮನೆ ಗಣತಿಗೆ ಹೋಗಬೇಕೆಂದು ಆದೇಶ ಬಂತು. ಯಾರೆಂದು ಬರೆಯುವವರು ಸಿಬ್ಬಂದಿ ಸಂಘದ ಕಾರ್ಯದರ್ಶಿ. ಆ ಹುದ್ದೆಗೆ ಆದೇಶ ಬಂದ ದಿನವೇ ಚುನಾವಣೆ. ನಿಂತವರು ಮೇಷ್ಟರು ಮತ್ತು ಗಣಿತದ ಹೇಮಲತಾ ಮೇಡಂ. ಮೇಡಂ ಗೆದ್ದರೆ ಮೇಷ್ಟರ ಕತೆ ಮುಗಿಯಿತು. ಶಾಲೆಯಲ್ಲಿ ಮೇಡಂಗಳು ಆರು ಮಂದಿ, ಗಂಡಸರು ಮೂವರು.

ಇತಿಹಾಸದ ಮೇಷ್ಟರು ಇತಿಹಾಸದ ಮೊರೆ ಹೊಕ್ಕರು.

“ಮಕ್ಕಳು ಕಣ್ಣಾರೆ ನೋಡಿ ಕಲೀಲಿ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಪಾರ್ಲಿಮೆಂಟ್ ಎಲೆಕ್ಷನ್ ಹೆಂಗೆ ನಡೀತಿತ್ತೋ ಹಂಗೇ ಮಾಡೋಣ. ಆಸ್ತಿ ಇರೋ ಗಂಡಸ್ರಿಗೆ ಮಾತ್ರ ಓಟು. ಎಲ್ರೆದುರು ಬಾಯ್ಬಿಟ್ಟು ಹೇಳ್ಬೇಕು.”

“ನಮಗಿಲ್ವಾ ಸಾರ್?” ಎಂದರು ಹೇಮಲತಾ.

“ಆಗ ಇರಲಿಲ್ಲ ಮೇಡಂ, ನಾನೇನು ಮಾಡ್ಲಿ?”

“ಆಗಲಿ. ಆದ್ರೆ ಪಹಣಿ ತೋರಿಸ್ದೋರು ಓಟು ಹಾಕ್ಲಿ.”

ಡ್ರಿಲ್ ಮೇಷ್ಟ್ರು ಚೆಲುವರಾಜು ತಲೆ ಕೆರೆದುಕೊಂಡರು. “ನಮ್ಮಪ್ಪ ಇರೋಗಂಟ ನಂಗೆ ಒಂದು ಬದೂ ಇಲ್ಲ ಸಾರ್.”

ಶಿವಸ್ವಾಮಿ ಮನೆಗೆ ಫೋನ್ ಮಾಡಿದರು. “ನಮ್ಮಪ್ಪ ಕೊಟ್ಟ ಜಮೀನು ನಿಮ್ಮ ಎಸ್ರಿಗೆ ಯಾಕ್ ಬತ್ತದೆ ಕಣ್ರೀ?” ಎಂದಳು ಹೆಂಡತಿ ಪುಟ್ಟಲಕ್ಷ್ಮಿ. “ಭಾನ್ವಾರದ್ದು ಗ್ಯಾನದಲ್ಲಿ ಅದೆ ತಾನೆ?”

ಉಳಿದವನು ಅಟೆಂಡರ್ ಮಾರಯ್ಯ. ದೇವನೂರಿನಲ್ಲಿ ಮುಕ್ಕಾಲು ಎಕರೆ, ಅವನದೇ ಹೆಸರು. ಇಡೀ ಶಾಲೆಗೆ ಒಬ್ಬನೇ ಮತದಾರ.

ಒಬ್ಬನನ್ನು ಒಲಿಸುವುದು ಆರು ಜನರನ್ನು ಒಲಿಸಿದಷ್ಟು ಕಷ್ಟವೇ? ಆ ಕಾಲದ ಅಭ್ಯರ್ಥಿಗಳೂ ಮತದಾರರಿಗೆ ತಿನ್ನಿಸಿ ಕುಡಿಸುತ್ತಿದ್ದರು. ಮೇಷ್ಟರು ಪದ್ಧತಿ ಬಿಡದೆ ನಾಲ್ಕು ವಡೆ, ಎರಡು ಟೀ ಕೊಡಿಸಿದರು. ಮಾರಯ್ಯ ಸಂಕೋಚವಿಲ್ಲದೆ ತಿಂದ.

ಮಕ್ಕಳ ಮುಂದೆ ಹೇಮಲತಾ ಕೇಳಿದರು, “ನಿನ್ನ ಓಟು ಯಾರಿಗೆ ಮಾರಯ್ಯ?”

“ನಂಗೇಯ.”

“ಅಲ್ಲ ಕಣಯ್ಯಾ, ನಿಂತಿರೋರು ನಾವಿಬ್ರು,” ಎಂದರು ಶಿವಸ್ವಾಮಿ.

“ಓಟೇ ಇಲ್ದೋರು ನಿಲ್ಲಕಾಯ್ತದಾ ಸಾ? ನಿಮ್ಗೆ ಜಮೀನಿಲ್ಲ, ಮೇಡಮ್ಮೋರು ಗಂಡ್ಸಲ್ಲ. ಇನ್ಯಾರವ್ರೆ?”

ಮೊದಲು ಚಪ್ಪಾಳೆ ತಟ್ಟಿದವರು ಹೇಮಲತಾ. ಮಕ್ಕಳು ಮೇಜು ಕುಟ್ಟಿದರು. ಇಷ್ಟು ಚೆನ್ನಾಗಿ ಮೇಷ್ಟರ ಪಾಠ ಯಾವತ್ತೂ ಅರ್ಥವಾಗಿರಲಿಲ್ಲ.

ಹೊಸ ಕಾರ್ಯದರ್ಶಿ ಊಟದ ಬೆಲ್ಲು ಹೊಡೆದು ಬಂದು, ಗಣತಿ ಪಟ್ಟಿಯಲ್ಲಿ ಶಿವಸ್ವಾಮಿಯ ಹೆಸರು ಬರೆದ.

“ಎಲ್ರೂ ಒಂದೊಂದ್ಸರ್ತಿ ಓಗವ್ರೆ, ನೀವೊಬ್ರೇ ಓಗಿಲ್ಲ. ನ್ಯಾಯ ಅಲ್ವಾ ಸಾ?”

ನ್ಯಾಯವೇ ಆಗಿತ್ತು. ಮೇಷ್ಟರು ದನಿ ಇಳಿಸಿದರು. “ಅದ್ಸರಿ ಮಾರಯ್ಯ, ಮನೇಲಿ ನಾನು ಏನಂತ ಹೇಳ್ಲಿ?”

“ನೀವೇನೂ ಯೋಳ್ಬೇಡಿ,” ಎಂದ ಮಾರಯ್ಯ ಪ್ರೀತಿಯಿಂದ. “ನಿಮ್ಮನೆ ಅಕ್ಕೋರಿಗೆ ನಾನೇ ಫೋನ್ ಮಾಡ್ಬುಟ್ಟೆ. ಜಮೀನಿರೋರ್ಗೆ ಮೊದ್ಲು ತಿಳಿಸ್ಬೇಕಲ್ವಾ?”