ಮೂರರಲ್ಲಿ ಎರಡು ಪಾಲು ಮೊಣಕಾಲು

ವಾಹನ ವಿಮಾ ಸಂಸ್ಥೆಯ ಪರಿಹಾರ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಪಾಯ್ಸಾಂದು ಊರಿನ ಭಾನುವಾರದ ಫುಟ್‌ಬಾಲ್ ಪಂದ್ಯಗಳ ರೆಫರಿಯೂ ಸದ್ಯಕ್ಕೆ ಎರಡು ಊರುಗೋಲುಗಳ ಯಜಮಾನನೂ ಆದ ಎಲ್ಬಿಯೊ ತೆಚೇರಾ ಮಾಡುವ ಅನಂತ ನಮಸ್ಕಾರಗಳು. ಎದ್ದು ನಿಂತು ಮಾಡಲಾಗದ್ದಕ್ಕೆ ಕ್ಷಮೆಯಿರಲಿ.

ಕಂಕುಳಲ್ಲಿ ಮಾಟೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು, ಬೇಕರಿಯ ಬಿಸಿ ಬಿಸ್ಕೋಚೊ ಮೆಲ್ಲುತ್ತಾ, ಬಿಳಿ ಪಟ್ಟೆಗಳ ಮೇಲೆಯೇ ರಸ್ತೆ ದಾಟುತ್ತಿದ್ದ ನನ್ನನ್ನು ತಮ್ಮ ಗ್ರಾಹಕರಾದ ಶ್ರೀಮತಿ ಓಲ್ಗಾ ಬೆರ್ರುತ್ತಿಯವರ ಕಾರು ತಿರುವಿನಲ್ಲಿ ಕೆಡವಿದ್ದು ತಮಗೆ ತಿಳಿದೇ ಇದೆ. "ಅಯ್ಯೋ ದೇವರೇ, ನೀವೆಲ್ಲಿಂದ ಬಂದ್ರಿ?" ಎಂದು ಆಕೆ ಕೇಳಿದರು. ಬೇಕರಿಯಿಂದ ಎಂದೆ.

ತಮ್ಮ ತಪಾಸಕರು ಆಸ್ಪತ್ರೆಗೆ ದಯಮಾಡಿಸಿ, ಕುಂಬಳಕಾಯಿಯಂತೆ ಊದಿದ್ದ ಮೊಣಕಾಲಿನ ದರ್ಶನವನ್ನು ದೂರದಿಂದಲೇ ಪಡೆದು, "ಏಳಿ ಸ್ವಾಮಿ, ಏನೂ ಆಗಿಲ್ಲ, ನಾಟಕ ಸಾಕು" ಎಂದಾಗ ನನಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಮೈದಾನದಲ್ಲಿ ಹೊರಳಾಡುವವರಿಗೆಲ್ಲ ಅದೇ ಮಾತು ಹೇಳಿ ಹೆಸರು ಮಾಡಿದವನು ನಾನು. ಅವರು ನನಗಿಂತ ಸೊಗಸಾಗಿ ಹೇಳಿದರು.

ಇನ್ನು ಸಾಕ್ಷಿಯ ವಿಚಾರ. ಅಪಘಾತವನ್ನು ಕಣ್ಣಾರೆ ಕಂಡವನು ಮಿಲ್ಟನ್ ಕೊರ್ಬೊ ಒಬ್ಬನೇ. ಹೋದ ವರ್ಷದ ಫೈನಲ್‌ನಲ್ಲಿ ಗೋಲಿನ ಮುಂದೆ ಬಿದ್ದ ಅವನಿಗೆ ಪೆನಾಲ್ಟಿಯ ಬದಲು ಹಳದಿ ಕಾರ್ಡು ತೋರಿಸಿದವನು ನಾನು. ಅಂದಿನಿಂದ ಅವನ ತಾಯಿ ನನ್ನ ನೆರಳು ಕಂಡರೂ ಉಗಿಯುತ್ತಾರೆ. ನನ್ನ ಹೆಂಡತಿ ಗ್ರಾಸಿಯೆಲಾ, "ಹೋಗಿ ಅವನ ಕಾಲು ಹಿಡೀರಿ. ನಿಮ್ಮ ಕಾಲಂತೂ ಕೆಲಸಕ್ಕೆ ಬರಲ್ಲ" ಎಂದಳು. ಹಿಡಿಯಲು ಬಗ್ಗಲೂ ಆಗದ ಸ್ಥಿತಿ ನನ್ನದು.

ಆದರೂ ವಿಚಾರಣೆಗೆ ಅವನು ಬಂದ. "ಇವರು ಬೇಕಂತಲೇ ಬಿದ್ದಿರಬಹುದಲ್ಲ?" ಎಂದು ತಮ್ಮ ವಕೀಲರು ಕೇಳಿದರು. ಕೊರ್ಬೊ ನನ್ನನ್ನೇ ನೋಡುತ್ತಾ ನಿಂತ.

"ಬೀಳೋದು ನನ್ನ ಕಸುಬು ಸಾರ್" ಎಂದ. "ಬೇಕಂತ ಬೀಳೋನು ಕೈ ಎತ್ತಿ ಕೂಗ್ತಾನೆ, ಯಾರಾದ್ರೂ ನೋಡಿದ್ರಾ ಅಂತ ಓರೆಗಣ್ಣು ಬಿಡ್ತಾನೆ. ಈ ಪುಣ್ಯಾತ್ಮ ಆಲೂಗಡ್ಡೆ ಮೂಟೆ ಥರ ಬಿದ್ರು. ಇಷ್ಟು ಕೆಟ್ಟದಾಗಿ ಬೀಳೋಕೆ ನಿಜವಾಗ್ಲೂ ಕಾರೇ ಗುದ್ದಬೇಕು."

ನನ್ನ ಪರವಾಗಿ ಇಷ್ಟು ಅವಮಾನಕರವಾದ ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಹೊರಗೆ ಬಂದ ಮೇಲೆ ಅವನ ಕೈ ಹಿಡಿದು, "ನಿಜ ಹೇಳಪ್ಪ, ಫೈನಲ್‌ನಲ್ಲಿ ನಿನ್ನನ್ನ ಯಾರಾದ್ರೂ ಬೀಳಿಸಿದ್ರಾ?" ಎಂದು ಕೇಳಿದೆ.

"ಯಾರೂ ಇಲ್ಲ ಎಲ್ಬಿಯೊ ಸಾರ್! ಆದ್ರೆ ಎಷ್ಟು ಚೆಂದ ಬಿದ್ದಿದ್ದೆ ಅಲ್ವಾ?"

ಬಿಸ್ಕೋಚೊ ತಿನ್ನುತ್ತಾ ದಾಟಿದ್ದರಿಂದ ಮೂರರಲ್ಲಿ ಒಂದು ಪಾಲು ತಪ್ಪು ನನ್ನದೆಂದೂ, ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಎರಡು ಪಾಲು ಮಾತ್ರ ತಮ್ಮದೆಂದೂ ತಾವು ತೀರ್ಮಾನಿಸಿರುವುದು ಸರಿಯೇ. ಆದರೆ ನಮ್ಮ ವೈದ್ಯರು ಹಟಮಾರಿ. ಉಳಿದ ಪಾಲನ್ನು ಮುರಿದಂತೆಯೇ ಬಿಟ್ಟು ಹೊಲಿಯಲು ಒಪ್ಪುತ್ತಿಲ್ಲ. ತಾವೇ ಬಂದು ಮೊಣಕಾಲಿನ ಮೇಲೆ ಗೆರೆ ಎಳೆದು ಕೊಡಬೇಕಾಗಿ ವಿನಂತಿ. ಇನ್ನು ಮುಂದೆ ನಾನು ಓಡುವಂತಿಲ್ಲ ಎಂದೂ ವೈದ್ಯರು ಹೇಳಿದ್ದಾರೆ. ಅದನ್ನು ಕೇಳಿ ಬಂದ ಸಂಜೆ ಗ್ರಾಸಿಯೆಲಾ ಬೈಯಲಿಲ್ಲ. ಆಗಲೇ ನನಗೆ ಭಯವಾದದ್ದು.

ಕುಂಟುತ್ತಲೇ ತಮ್ಮ ವಿಶ್ವಾಸಿ,
ಎಲ್ಬಿಯೊ ತೆಚೇರಾ

ವಿ.ಸೂ.: ಬಿದ್ದವರನ್ನು ನಂಬದಿರುವುದರಲ್ಲಿ ನನಗಿರುವ ಅನುಭವವನ್ನು ಮೆಚ್ಚಿ, ತಮ್ಮ ತಪಾಸಕರು ನಿನ್ನೆ ನನಗೆ ತಮ್ಮಲ್ಲೇ ಕೆಲಸ ಕೊಡಿಸುವ ಮಾತಾಡಿದರು. ಸಂತೋಷದಿಂದ ಸೇರುತ್ತೇನೆ. ಬೇಡಿಕೆ ಒಂದೇ: ನಾನು ತಪಾಸಣೆ ಮಾಡುವ ಮೊದಲ ಮೊಣಕಾಲು ತಮ್ಮದಾಗಿರಲಿ.