ರಿಪೇರಿಯಾದ ತಾಳ

ಬಟ್ಟೆ ಒಗೆಯುವ ಮೆಷಿನ್ ಸದ್ದಿಲ್ಲದೆ ತಿರುಗುತ್ತಿತ್ತು. ಗುಡುಗು ಎಂದೇ ಎಲ್ಲರೂ ಕರೆಯುವ ಹುಡುಗ ಹಾಸಿಗೆಯಲ್ಲಿ ದಡಕ್ಕನೆ ಎದ್ದು ಕೂತ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನಿಗೆ ನಿಶ್ಶಬ್ದದಿಂದ ಎಚ್ಚರವಾಗಿತ್ತು.

"ಅಮ್ಮಾ! ಮೆಷಿನ್‌ಗೆ ಏನಾಯ್ತು?"

"ಏನೂ ಆಗಿಲ್ಲ, ಸರಿಹೋಯ್ತು," ಅಂದಳು ತಾಯಿ. ಇವನು ಹುಟ್ಟಿದಾಗಲೂ ಅವಳು ಇಷ್ಟು ಬೀಗಿರಲಿಕ್ಕಿಲ್ಲ. "ಕೆಳಗಿನ ಅಂಗಡಿ ಮೆಕ್ಯಾನಿಕ್‌ನ ಕರೆಸಿದ್ದೆ. ಸಾಯಂಕಾಲ ಯಾರೋ ಕಂಪನಿಯವರು ಬರ್ತಾರೆ ಅಂದ್ಯಲ್ಲ, ಅವರ ಮುಂದೆ ಇದು ಡಬ್ ಡಬ್ ಅಂತ ಮಾನ ಕಳೀಬಾರದು ನೋಡು."

ಗುಡುಗು ಮೆಷಿನ್ ಹತ್ತಿರ ಓಡಿದ. ಪ್ರಪಂಚದಲ್ಲಿ ಹಾಳಾಗಿರುವುದು ರಾಶಿ ಬಿದ್ದಿದೆ. ಅದನ್ನೆಲ್ಲ ಬಿಟ್ಟು ಜನ ಚೆನ್ನಾಗಿರುವುದನ್ನೇ ಹುಡುಕಿ ರಿಪೇರಿ ಮಾಡುತ್ತಾರೆ.

ಆ ಡಬ್ ಇಲ್ಲದಿದ್ದರೆ 'ಒದ್ದೆ ಗೋಡೆ' ಇಲ್ಲ. ಒದ್ದೆ ಗೋಡೆ ಎಂದರೆ ಗುಡುಗು ಮತ್ತು ಅವನ ಗೆಳೆಯ ಜಿರಳೆ ಸೇರಿ ಕಟ್ಟಿದ ರ‍್ಯಾಪ್ ತಂಡ. ಬೇರೆ ತಂಡಗಳು ಚಿನ್ನದ ಸರ, ಕಪ್ಪು ಕಾರು ಎಂದು ಕೂಗುತ್ತಿದ್ದಾಗ ಇವರು ಸೋರುವ ಪೈಪು, ಮುರಿದ ಮೆಟ್ಟಿಲು, ಬಾಗಿಲು ತೆಗೆಯದ ಆಫೀಸುಗಳ ಬಗ್ಗೆ ರಂಪ ಮಾಡಿದರು. ಮೊದಲ ರೆಕಾರ್ಡಿಂಗ್ ಬಟ್ಟೆಯ ಬೀರುವಿನೊಳಗೆ ಕೂತು ಮಾಡಿದ್ದು. ಅದನ್ನು ಕೇಳಿದವರು ಇಬ್ಬರು, ಇಬ್ಬರೂ ತಂಡದವರೇ. ಎರಡನೆಯದನ್ನು ಬಚ್ಚಲಲ್ಲಿ ಮಾಡುವಾಗ ಅಮ್ಮ ಮೆಷಿನ್ ಹಾಕಿಬಿಟ್ಟಳು. ಅದು ಟಕ, ಟಕ, ಟಕ ಎಂದು, ನಾಲ್ಕನೆಯದಕ್ಕೆ ಡಬ್ ಎಂದು ಎಗರಿತು. ಸಿಟ್ಟಿಗೆದ್ದ ಗುಡುಗು ಆ ಕುಂಟು ತಾಳಕ್ಕೇ ಸರಿಯಾಗಿ ಬೈಯತೊಡಗಿದ. ಆ ಬೈಗುಳ ಫೋನಿನಿಂದ ಫೋನಿಗೆ ಹಾರಿತು. ಅಂದಿನಿಂದ ತಂಡದ ಪ್ರತಿ ಹಾಡೂ ಆ ಮೆಷಿನ್ ಮುಂದೆಯೇ. ರೆಕಾರ್ಡ್ ಮಾಡಿಟ್ಟ ತಾಳಕ್ಕೆ ಹಾಡುವುದೆಂದರೆ ಅಗಿದದ್ದನ್ನೇ ಮತ್ತೆ ಅಗಿದ ಹಾಗೆ ಎಂಬುದು ಒದ್ದೆ ಗೋಡೆಯ ಏಕೈಕ ಸಿದ್ಧಾಂತ.

ಇಂದು ಸಾಯಂಕಾಲ ಮ್ಯೂಸಿಕ್ ಕಂಪನಿಯ ರೆಕಾರ್ಡಿಂಗ್ ಮೇಡಂ ಮನೆಗೇ ಬಂದು ಹಾಡು ಕೇಳಲಿದ್ದಳು. ಹಿಡಿಸಿದರೆ ಒಂದಿಡೀ ಆಲ್ಬಂ. ಹಿಡಿಸದಿದ್ದರೆ ನಾಳೆಯಿಂದ ಚಿಕ್ಕಪ್ಪನ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ಮಡಚುವ ಕೆಲಸ. ಚಿಕ್ಕಪ್ಪ ಆಗಲೇ ಸ್ಟೂಲು ಒರೆಸಿಟ್ಟಿದ್ದ.

ಸುದ್ದಿ ಕೇಳಿ ಓಡಿಬಂದ ಜಿರಳೆ ಮೆಷಿನ್ನಿಗೆ ಕಿವಿ ಹಚ್ಚಿದ. "ಹೋಯ್ತು ಕಣೋ. ನಾಡಿ ಸಿಗ್ತಿಲ್ಲ."

ಇಬ್ಬರೂ ಮೆಕ್ಯಾನಿಕ್ ಅಂಗಡಿಗೆ ಇಳಿದರು.

"ಅಣ್ಣಾ, ಬೆಳಿಗ್ಗೆ ನಮ್ಮ ಮೆಷಿನ್ ಸರಿ ಮಾಡಿದ್ರಲ್ಲ, ಅದನ್ನ ಮತ್ತೆ ಕೆಡಿಸಿಕೊಡ್ಬೇಕು," ಅಂದ ಗುಡುಗು.

ಮೆಕ್ಯಾನಿಕ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಏನ್ರೋ, ಹುಡುಗಾಟನಾ? ತಲೆ ನರೆಯೋವರೆಗೂ ಇದೇ ಕೆಲಸ ಮಾಡಿದ್ದೀನಿ. ಎಷ್ಟೋ ಮೆಷಿನ್ ನನ್ನ ಕೈಯಲ್ಲಿ ಕೆಟ್ಟಿವೆ, ಇಲ್ಲ ಅನ್ನಲ್ಲ. ಆದ್ರೆ ಬೇಕು ಅಂತ ಒಂದನ್ನೂ ಕೆಡಿಸಿಲ್ಲ. ನಡೀರಿ!"

ವಾಪಸು ಬಂದು ತಾವೇ ಕೈಹಾಕಿದರು. ಮೊದಲು ಮೆಷಿನ್ನೊಳಗೆ ಚಪ್ಪಲಿ ಹಾಕಿದರು. ಮೆಷಿನ್ ಅವನ್ನು ಲಕಲಕ ತೊಳೆದುಕೊಟ್ಟಿತು. ಮೇಲೆ ಇಟ್ಟಿಗೆ ಹೇರಿದರು. ಹೊಟ್ಟೆ ತುಂಬಿದ ಹೆಬ್ಬಾವಿನ ಹಾಗೆ ಅದು ಇನ್ನಷ್ಟು ಶಾಂತವಾಯಿತು. "ಹಿಂದಿನ ಬೋಲ್ಟು ಬಿಚ್ಚೋಣ," ಅಂದ ಜಿರಳೆ. ಬಿಚ್ಚಿದ್ದು ಬೋಲ್ಟಲ್ಲ, ನೀರಿನ ಪೈಪು.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ರಿಟೈರಾದ ಲೆಕ್ಕದ ಮೇಷ್ಟ್ರು ಕೊಡೆ ಹಿಡಿದುಕೊಂಡೇ ಒಳಗೆ ಬಂದರು. ಕೊಡೆಯ ಕೆಳಗೂ ತೊಯ್ದಿದ್ದರು.

"ಗೋಡೆ ಒದ್ದೆ ಅಂತ ಹಾಡ್ತಿದ್ರಿ, ಕೇಳಿಸ್ಕೊಂಡು ಸುಮ್ನಿದ್ದೆ. ಈಗ ನನ್ನ ಮಂಚಾನೂ ತೋಯ್ಸಿದ್ರಾ?"

"ಸರ್, ಕ್ಷಮಿಸಿ ಸರ್. ಇದು ಕೆಡ್ತಾನೇ ಇಲ್ಲ ಸರ್," ಅಂದ ಗುಡುಗು, ಅಳುವೊಂದೇ ಬಾಕಿ.

ಪಾಠ ಹೇಳುವ ಅವಕಾಶ ಕಂಡೊಡನೆ ಮೇಷ್ಟ್ರ ಸಿಟ್ಟು ಸರ್ರನೆ ಇಳಿಯಿತು. "ದಡ್ಡರಾ! ಭಾರ ಹಾಕಿದ್ರೆ ಕೂರುತ್ತೆ. ಒಂದು ಕಾಲು ಗಿಡ್ಡ ಮಾಡಿ, ತಾನೇ ಕುಣಿಯುತ್ತೆ."

ಗುಡುಗು ಸುತ್ತಿಗೆ ಎತ್ತಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹರಿದುಬಂದ ನೀರಿನ ಜಾಡು ಹಿಡಿದು ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಪಾಪಿಗಳಾ, ಕೆಡಿಸೋದಾದ್ರೂ ನೆಟ್ಟಗೆ ಕೆಡಿಸ್ರೋ! ಸರೀರಿ ಆಚೆ."

ಮೊದಲು ಪೈಪು ಸಿಕ್ಕಿಸಿದ. ಆಮೇಲೆ ಇಟ್ಟಿಗೆ ತೆಗೆದ. ಬೆಳಿಗ್ಗೆ ತಾನೇ ಬಿಗಿದಿದ್ದನ್ನು ಸಡಿಲಿಸಿ, ಒಂದು ಕಾಲು ಕಿತ್ತು ಜೇಬಿಗೆ ಹಾಕಿಕೊಂಡ. ತಾಯಿ ತಲೆಯ ಮೇಲೆ ಕೈಹೊತ್ತು ಕೂತಳು. ಸ್ವಿಚ್ಚು ಒತ್ತಿದ್ದೇ ತಡ, ಟಕ, ಟಕ, ಟಕ, ಡಬ್!

ಮೇಷ್ಟ್ರು ಚಪ್ಪಾಳೆ ಹೊಡೆದರು. ಗುಡುಗು ಮೆಷಿನ್ನನ್ನು ತಬ್ಬಿಕೊಂಡ. ಅದು ನಾಲ್ಕನೆಯದಕ್ಕೊಮ್ಮೆ ಅವನ ಗಲ್ಲಕ್ಕೆ ಗುದ್ದುತ್ತಿದ್ದರೂ ಬಿಡಲಿಲ್ಲ.

ಹಾಗೆ ತಬ್ಬಿಕೊಂಡಿದ್ದಾಗಲೇ ರೆಕಾರ್ಡಿಂಗ್ ಮೇಡಂ ಒಳಗೆ ಕಾಲಿಟ್ಟಳು. ಒದ್ದೆ ನೆಲ, ಒದ್ದೆ ಮೇಷ್ಟ್ರು, ಎಗರುತ್ತಿದ್ದ ಮೆಷಿನ್ ಎಲ್ಲವನ್ನೂ ಒಮ್ಮೆ ನೋಡಿದಳು.

"ಓ, ಆ ಸದ್ದು ಇದರದ್ದಾ?"

"ಹೌದು ಮೇಡಂ!" ಎದೆಯುಬ್ಬಿಸಿದ ಗುಡುಗು.

"ನಿಲ್ಲಿಸಿ ಅದನ್ನ. ನಿಮ್ಮ ಮಾತು ಬೆಂಕಿ. ಆಫೀಸಲ್ಲಿ ಎಲ್ಲರಿಗೂ ಹಿಡಿಸಿದೆ. ಆದ್ರೆ ಹಿಂದುಗಡೆ ಯಾರೋ ಬಾಗಿಲು ಒದೀತಾ ಇದ್ದ ಹಾಗೆ ಕೇಳ್ಸುತ್ತೆ. ಆ ದರಿದ್ರ ಸದ್ದಿಲ್ಲದೆ ಒಂದು ಹಾಡು ರೆಕಾರ್ಡ್ ಮಾಡ್ಕೊಂಡು ಬಾ, ಸಹಿ ಹಾಕ್ತೀವಿ ಅಂತಲೇ ನನ್ನನ್ನ ಕಳಿಸಿರೋದು."

ತಾಯಿ ಮಗನ ಕಡೆ ನೋಡಿದಳು. ಆ ನೋಟದಲ್ಲಿ ಒಂದು ಆಲ್ಬಂಗೆ ಸಾಲುವಷ್ಟು ಬೈಗುಳವಿತ್ತು.

ಗುಡುಗು ಒಂದೇ ನೆಗೆತಕ್ಕೆ ಪ್ಲಗ್ ಕಿತ್ತ. ಸಿದ್ಧಾಂತ ನೀರಿನ ಜೊತೆ ಹರಿದುಹೋಯಿತು. ಮನೆಯೆಲ್ಲ ಗಪ್‌ಚಿಪ್. ಜಿರಳೆ ಮೈಕು ಹಿಡಿದ. ಗುಡುಗು ಉಸಿರೆಳೆದುಕೊಂಡು ಶುರುಮಾಡಿದ.

"ಮೇಲಿನ ಪೈಪು ಸೋರುತ್ತೆ, ಕೆಳಗಿನ ಗೋಡೆ ಅಳುತ್ತೆ, ಡಬ್!"

"ಆ ಡಬ್ ಬೇಡ," ಅಂದಳು ಮೇಡಂ.

"ಸಾರಿ ಮೇಡಂ. ಮೇಲಿನ ಪೈಪು ಸೋರುತ್ತೆ, ಡಬ್!"

ಅವನಿಗೇ ಗಾಬರಿಯಾಯಿತು. ಸಾಲಿನ ಕೊನೆಗೆ ಬಂದೊಡನೆ ಭುಜ ಎಗರುತ್ತಿತ್ತು, ಬಾಯಿ ತಾನಾಗಿ ಡಬ್ ಅನ್ನುತ್ತಿತ್ತು.

"ಮೂರಕ್ಕೇ ನಿಲ್ಲಿಸೋ, ನಾಲ್ಕು ಎಣಿಸ್ಬೇಡ!" ಮೇಷ್ಟ್ರು ಕೂಗಿದರು.

"ಭುಜ ಹಿಡ್ಕೊಳ್ಳಿ ಅವನದು!" ಅಂದಳು ತಾಯಿ. ಮೇಷ್ಟ್ರೊಂದು ಕಡೆ, ತಾಯಿಯೊಂದು ಕಡೆ ಒತ್ತಿ ಹಿಡಿದರು. ಡಬ್ ಕಾಲಿನಿಂದ ಬಂತು. ಜಿರಳೆ ಅವನ ಕಾಲಿನ ಮೇಲೆ ಕೂತ. ಗುಡುಗು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮುಖ ಕೆಂಪಗಾಗುವವರೆಗೆ ತಡೆದು ಒಂದು ಸಾಲು ಪೂರ್ತಿ ಹೇಳಿದ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ತಡೆದಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. ಡಬ್, ಡಬ್, ಡಬ್!

ಮೇಡಂ ನಿಧಾನವಾಗಿ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಮೆಷಿನ್ ಇವತ್ತಲ್ಲ ನಾಳೆ ಸರಿಹೋಗುತ್ತೆ," ಅಂದಳು ಬಾಗಿಲಲ್ಲಿ ನಿಂತು. "ನಿಮ್ಮನ್ನ ರಿಪೇರಿ ಮಾಡೋರು ಸಿಕ್ಕಿದ ಮೇಲೆ ಫೋನ್ ಮಾಡಿ."

ಅವಳು ಮೆಟ್ಟಿಲಿಳಿದ ಸದ್ದು ನಿಂತಿತು. ಮೂಲೆಯಲ್ಲಿ ಕೂತಿದ್ದ ಮೆಕ್ಯಾನಿಕ್ ಎದ್ದ. ಪ್ಯಾಂಟಿಗೆ ಕೈ ಒರೆಸಿಕೊಂಡು, ಸ್ಪ್ಯಾನರ್ ಎತ್ತಿಕೊಂಡು ಗುಡುಗಿನ ಹತ್ತಿರ ಬಂದ.

"ಎಲ್ಲಿ, ಬಾಯಿ ತೆಗಿ ನೋಡೋಣ."